ಪ್ರಾರ್ಥನೆ ಬಾಯಿಗೆ ಬಾರದಿದ್ದಾಗ: ಆತ್ಮಿಕ ಸಂಕಟದಲ್ಲಿರುವವರ ಜೊತೆ ಪ್ರಾರ್ಥಿಸುವ ಬಗೆ

ವರ್ಷಗಟ್ಟಲೆ ಬೆಳಿಗ್ಗೆ ಎದ್ದು ಸತ್ಯವೇದ (ಬೈಬಲ್) ಓದಿ ಪ್ರಾರ್ಥಿಸುತ್ತಿದ್ದವರು ಒಂದು ದಿನ ‘ಪ್ರಾರ್ಥನೆ ಮಾಡೋಕೇ ಆಗ್ತಿಲ್ಲ, ದೇವರು ಕೇಳ್ತಿದ್ದಾನೆ ಅಂತ ಅನ್ನಿಸ್ತಾನೇ ಇಲ್ಲ’ ಎಂದರೆ ಕ್ರೈಸ್ತ ಸಭೆಯಲ್ಲಿ (ಚರ್ಚಿನಲ್ಲಿ) ಅವರಿಗೆ ಸಿಗುವ ಉತ್ತರ ಬಹುಪಾಲು ಒಂದೇ. ಇನ್ನೂ ಹೆಚ್ಚು ಪ್ರಾರ್ಥಿಸಿ, ಉಪವಾಸ ಹಿಡಿಯಿರಿ, ನಂಬಿಕೆ ಬಿಡಬೇಡಿ. ಯಾವುದು ಅವರಲ್ಲಿ ಬತ್ತಿಹೋಗಿದೆಯೋ ಅದನ್ನೇ ಇನ್ನಷ್ಟು ಕೊಡಿ ಎಂದು ಕೇಳಿದಂತಾಗುತ್ತದೆ. ಅವರು ಒಂದೆರಡು ವಾರ ಪ್ರಯತ್ನಿಸುತ್ತಾರೆ, ಆಗುವುದಿಲ್ಲ, ನಾಚಿಕೆಯಿಂದ ಸಭೆಗೆ ಬರುವುದನ್ನೇ ಬಿಡುತ್ತಾರೆ.

ಸತ್ಯವೇದದಲ್ಲಿ ಇಂಥವರಿಗೆ ಸಿಕ್ಕ ಆರೈಕೆಯೇ ಬೇರೆ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯನು ಬೇರ್ಷೆಬದಾಚೆಯ ಅರಣ್ಯದಲ್ಲಿ ಗಿಡದಡಿ ಕುಳಿತು ‘ಸಾಕು, ನನ್ನ ಪ್ರಾಣ ತೆಗೆದುಬಿಡು’ ಎಂದು ಬೇಡುತ್ತಾನೆ. ದೂತನು ಅವನಿಗೆ ಬೋಧಿಸುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಡುತ್ತಾನೆ, ಮಲಗಲು ಬಿಡುತ್ತಾನೆ. ಮತ್ತೆ ಎಬ್ಬಿಸಿ ಎರಡನೆಯ ಸಲ ಉಣಿಸುತ್ತಾನೆ. ‘ಇಲ್ಲೇನು ಮಾಡುತ್ತಿದ್ದೀ?’ ಎಂಬ ದೇವರ ಪ್ರಶ್ನೆ ಬರುವುದು ನಲವತ್ತು ದಿನದ ನಡಿಗೆಯ ನಂತರ, ಹೋರೇಬ್ ಬೆಟ್ಟದಲ್ಲಿ. ಈ ಮಾರ್ಗದರ್ಶಿ ಅದೇ ಅನುಕ್ರಮವನ್ನು ಹಿಡಿಯುತ್ತದೆ: ಮೊದಲು ದೇಹ ಮತ್ತು ಸುರಕ್ಷತೆ, ಆಮೇಲೆ ಕೇಳಿಸಿಕೊಳ್ಳುವುದು, ಆಮೇಲೆ ಚಿಕ್ಕ ಪ್ರಾಮಾಣಿಕ ಪ್ರಾರ್ಥನೆ. ಪ್ರೋತ್ಸಾಹದ ಮಾತು ಕಟ್ಟಕಡೆಗೆ. ಪಾಸ್ಟರ್, ಗುರುಗಳು, ಕನ್ಯಾಸ್ತ್ರೀಯರು, ಸಭಾಹಿರಿಯರು, ಮನೆಯ ಪ್ರಾರ್ಥನಾಕೂಟದ ಮುಂದಾಳುಗಳು, ಒಬ್ಬ ಗೆಳತಿ, ಯಾರು ಬೇಕಾದರೂ ಇದನ್ನು ಬಳಸಬಹುದು.

ಹೋಗುವ ಮುಂಚೆ

ಹೇಳದೆ ಹೋಗಬೇಡಿ. ಐದಾರು ಜನ ಗುಂಪಾಗಿ ಪ್ರಾರ್ಥನೆಗೆ ಬಂದರೆ ಆ ಮನೆಯವರು ಕುರ್ಚಿ ಹಾಕಿ, ಚಹಾ ಕಾಯಿಸಿ, ಮುಖ ನಗುವಂತೆ ಮಾಡಿಕೊಂಡು ಕೂರಬೇಕಾಗುತ್ತದೆ. ಒಬ್ಬರು ಅಥವಾ ಇಬ್ಬರು ಸಾಕು. ಹೆಣ್ಣುಮಗಳ ಜೊತೆ ಮಾತಾಡುವುದಾದರೆ ಒಬ್ಬ ಹೆಂಗಸಾದರೂ ಇರಲಿ. ಬಾಗಿಲು ತೆರೆದಿರಲಿ, ಆದರೆ ಮಾತು ಪಕ್ಕದ ಕೋಣೆಗೆ ಕೇಳದ ಹಾಗಿರಲಿ. ಅತ್ತೆಯೋ ಗಂಡನೋ ಪಕ್ಕದಲ್ಲೇ ಕೂತಿದ್ದರೆ ನಿಜ ಹೊರಬರುವುದಿಲ್ಲ. ಅಂಥ ಮನೆಯಲ್ಲಿ ಸಂಜೆ ವಾಕಿಂಗ್‌ಗೆ ಕರೆದುಕೊಂಡು ಹೋಗುವುದೇ ಒಳ್ಳೆಯದು.

ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಇಟ್ಟುಕೊಳ್ಳಿ, ಅದಕ್ಕಿಂತ ಹೆಚ್ಚು ಬೇಡ. ಬಳಲಿದವರಿಗೆ ಎರಡು ಗಂಟೆಯ ಪ್ರಾರ್ಥನಾಕೂಟ ಹೊರೆ. ಫೋನನ್ನು ಸೈಲೆಂಟ್ ಮಾಡಿ ಚೀಲದೊಳಗೆ ಇಡಿ. ಊಟದ ಹೊತ್ತಿಗೆ ಹೋಗುವುದಾದರೆ ಏನಾದರೂ ಅಡುಗೆ ಒಯ್ಯಿರಿ, ಅವರು ಸರಿಯಾಗಿ ತಿಂದು ನಾಲ್ಕು ದಿನವಾಗಿರಬಹುದು.

ಇನ್ನೊಂದು ಮಾತು. ಅವರ ಹೆಸರನ್ನು ಸಭೆಯ ವಾಟ್ಸಾಪ್ ಗುಂಪಿಗೆ ‘ಪ್ರಾರ್ಥನಾ ವಿಷಯ’ ಎಂದು ಹಾಕಬೇಡಿ. ‘ಸಹೋದರಿ ನಂಬಿಕೆಯಲ್ಲಿ ಕುಗ್ಗಿದ್ದಾರೆ, ಎಲ್ಲರೂ ಪ್ರಾರ್ಥಿಸಿ’ ಎಂಬ ಒಂದು ಸಾಲು ಸಂಜೆಯೊಳಗೆ ಊರೆಲ್ಲ ಸುತ್ತಿ ಅವರ ಅತ್ತಿಗೆಯ ಬಾಯಿಂದಲೇ ಅವರಿಗೆ ತಿರುಗಿ ಬರುತ್ತದೆ. ಯಾರಿಗೆ ಹೇಳಬಹುದು, ಎಷ್ಟು ಹೇಳಬಹುದು ಎಂದು ಅವರನ್ನೇ ಕೇಳಿ. ಅವರು ಒಪ್ಪಿದ ಇಬ್ಬರು ಮೂವರಿಗೆ ಮಾತ್ರ ತಿಳಿಸಿ.

ಮೊದಲ ಭೇಟಿ: ಕೇಳಿಸಿಕೊಳ್ಳುವುದು

ಲೂಕ 24ರ ಎಮ್ಮಾಹುವಿನ ದಾರಿಯನ್ನು ಒಮ್ಮೆ ನಿಧಾನವಾಗಿ ಓದಿಕೊಂಡು ಹೋಗಿ. ಇಬ್ಬರು ಶಿಷ್ಯರು ಮುಖ ಬಾಡಿಸಿಕೊಂಡು ನಡೆಯುತ್ತಿದ್ದಾರೆ. ಯೇಸುವಿಗೆ ಎಲ್ಲವೂ ಗೊತ್ತು, ಆದರೂ ಮೊದಲು ಕೇಳುತ್ತಾನೆ: ಏನು ಮಾತಾಡಿಕೊಳ್ಳುತ್ತಿದ್ದೀರಿ? ಮತ್ತೆ ಕೇಳುತ್ತಾನೆ: ಯಾವ ಸಂಗತಿ? ಅವರು ತಮ್ಮ ಮುರಿದ ನಿರೀಕ್ಷೆಯನ್ನು ಪೂರ್ತಿ ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕುವುದಿಲ್ಲ. ಶಾಸ್ತ್ರ ಬಿಡಿಸಿ ಹೇಳುವುದು ಅದರ ನಂತರ.

ಹಾಗೆಯೇ ಮಾಡಿ. ‘ಇತ್ತೀಚೆಗೆ ಹೇಗಿದ್ದೀರಿ?’ ಎಂದರೆ ‘ದೇವರ ಕೃಪೆಯಿಂದ ಚೆನ್ನಾಗಿದ್ದೇವೆ’ ಎಂಬ ರೂಢಿಯ ಉತ್ತರ ಬರುತ್ತದೆ. ಕೇಳುವುದನ್ನು ಬಿಡಿಸಿ ಕೇಳಿ: ‘ಪ್ರಾರ್ಥನೆಗೆ ಕೂತರೆ ಏನಾಗುತ್ತೆ?’ ‘ಇದು ಯಾವಾಗ ಶುರುವಾಯ್ತು, ಆ ಹೊತ್ತಿಗೆ ಮನೆಯಲ್ಲಿ, ಕೆಲಸದಲ್ಲಿ ಏನಾದರೂ ಆಯಿತೇ?’ ‘ದೇವರ ಹತ್ತಿರ ಹೇಳಬೇಕು ಅನ್ನಿಸಿ ಹೇಳೋಕಾಗದೆ ಉಳಿದ ಮಾತು ಯಾವುದು?’ ಈ ಮೂರನೆಯ ಪ್ರಶ್ನೆಗೆ ಬಹಳ ಸಲ ಅಳುವೇ ಉತ್ತರವಾಗಿರುತ್ತದೆ. ಆಗ ಸತ್ಯವೇದ ತೆರೆಯಬೇಡಿ, ಬೆನ್ನು ತಟ್ಟಿ ‘ಅಳಬೇಡಿ’ ಎನ್ನಬೇಡಿ. ಸುಮ್ಮನಿರಿ. ಒಂದು ನಿಮಿಷದ ಮೌನ ಕೂತವರಿಗೆ ಬಹಳ ಉದ್ದ ಅನ್ನಿಸುತ್ತದೆ, ಆದರೂ ಅದನ್ನು ತುಂಬಿಸಲು ಹೋಗಬೇಡಿ. ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಅವನ ಜೊತೆ ಕೂತಿದ್ದರಲ್ಲ, ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಕೆಟ್ಟಿತು, ಯೋಬನ ಪುಸ್ತಕದ 42ನೇ ಅಧ್ಯಾಯದಲ್ಲಿ ದೇವರೇ ಅವರ ಮೇಲೆ ಕೋಪಗೊಳ್ಳುತ್ತಾನೆ.

ದೇಹದ ವಿಚಾರವನ್ನೂ ಕೇಳಿ: ನಿದ್ದೆ ಎಷ್ಟು ಗಂಟೆ, ಊಟ ಹೇಗಿದೆ, ಹೆರಿಗೆಯಾಗಿ ಎಷ್ಟು ತಿಂಗಳು, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ನಿಲ್ಲಿಸಿದರೇ, ಮನೆಯಲ್ಲಿ ಕುಡಿತ ಇದೆಯೇ, ಸಾಲ ಇದೆಯೇ. ದೇವರು ದೂರವಾಗಿದ್ದಾನೆ ಎಂಬ ಅನಿಸಿಕೆಯ ಹಿಂದೆ ಮೂರು ತಿಂಗಳ ನಿದ್ದೆಗೇಡು ಇರುವುದು ಅಪರೂಪವಲ್ಲ.

ಜೀವಕ್ಕೆ ಅಪಾಯವಿದೆಯೇ ಎಂದು ನೇರವಾಗಿ ಕೇಳಿ

ಇದನ್ನು ಬಿಡಲೇಬಾರದು. ‘ಕರ್ತನು ನನ್ನನ್ನು ಕರೆದುಕೊಂಡರೆ ಸಾಕು’ ಎಂಬ ಮಾತು ಭಕ್ತಿಯ ಮಾತಿನ ಹಾಗೆ ಕೇಳಿಸುತ್ತದೆ, ಅದರ ಅಡಿಯಲ್ಲಿ ಸಾವಿನ ಯೋಚನೆ ಅಡಗಿರಬಹುದು. ‘ಜೀವ ತೆಗೆದುಕೊಳ್ಳಬೇಕು ಅನ್ನಿಸುತ್ತಿದೆಯೇ?’ ಎಂದು ಬಿಡಿಸಿ ಕೇಳಿ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೇಳಿಕೊಳ್ಳಲು ಒಬ್ಬರು ಸಿಕ್ಕರು ಎಂಬ ನೆಮ್ಮದಿಯೇ ಹೆಚ್ಚು. ಹೌದು ಎಂದರೆ, ಹೇಗೆ, ಯಾವಾಗ ಎಂದು ಯೋಚಿಸಿದ್ದೀರಾ ಎಂದೂ ಕೇಳಿ. ಯೋಜನೆ ಇದ್ದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕ, ಹೆಚ್ಚಿನ ಮಾತ್ರೆಗಳನ್ನು ಅಲ್ಲಿಂದ ಸಾಗಿಸಿ. ಅವರು ನಂಬುವ ಒಬ್ಬ ಮನೆಯವರಿಗೆ ತಿಳಿಸಿ, ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ. ತುರ್ತು ಕರೆ 112. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಉಚಿತ, ಹಗಲು ರಾತ್ರಿ ಕನ್ನಡದಲ್ಲಿ ಮಾತಾಡಬಹುದು. ಪೊಲೀಸ್ ಕೇಸ್ ಆಗುತ್ತದೆಂಬ ಹೆದರಿಕೆಗೆ ಆಸ್ಪತ್ರೆ ತಪ್ಪಿಸುವ ಮನೆಗಳು ಇನ್ನೂ ಇವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮಿನ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ.

ಗುಟ್ಟು ಕಾಯುತ್ತೇನೆ ಎಂದು ಮಾತು ಕೊಡುವಾಗಲೇ ‘ನಿಮ್ಮ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ನಾನು ಸುಮ್ಮನಿರುವುದಿಲ್ಲ’ ಎಂದು ಸೇರಿಸಿ ಹೇಳಿ.

ಎರಡು ವಾರಕ್ಕೂ ಹೆಚ್ಚು ಕಾಲ ದಿನವಿಡೀ ಮನಸ್ಸು ಕುಗ್ಗಿದ್ದು, ಯಾವುದರಲ್ಲೂ ಆಸಕ್ತಿಯಿಲ್ಲದೆ, ನಿದ್ದೆ ಊಟ ಕೆಟ್ಟಿದ್ದರೆ ಅದು ಖಿನ್ನತೆ ಇರಬಹುದು, ವೈದ್ಯರನ್ನು ಕಾಣಬೇಕು. ಖಿನ್ನತೆಯ ಮಾತ್ರೆಗಳು ಕೆಲಸ ಮಾಡಲು ಸಾಮಾನ್ಯವಾಗಿ ಕೆಲವು ವಾರ ಹಿಡಿಯುತ್ತದೆ. ಮೊದಲ ವಾರದಲ್ಲೇ ‘ಇದರಿಂದ ಏನೂ ಆಗಲಿಲ್ಲ’ ಎಂದು ಬಿಡುವವರು ಅನೇಕರು, ‘ಮಾತ್ರೆ ಯಾಕೆ, ನಂಬಿಕೆ ಸಾಲದೇ’ ಎಂದು ಬಿಡಿಸುವವರೂ ಇದ್ದಾರೆ. ವೈದ್ಯರು ಹೇಳದೆ ಮಾತ್ರೆ ನಿಲ್ಲಿಸಿ ಎಂದು ಯಾವ ಪ್ರಾರ್ಥನಾವೀರರೂ ಹೇಳಕೂಡದು. ಸಕ್ಕರೆ ಕಾಯಿಲೆಯವರಿಗೆ, ಗರ್ಭಿಣಿಯರಿಗೆ, ಬಾಣಂತಿಯರಿಗೆ ಉಪವಾಸ ಹೇರುವುದೂ ಹಾಗೆಯೇ ಅಪಾಯ. ಇದೆಲ್ಲ ದೆವ್ವದ ಕಾಟ ಎಂದು ತೀರ್ಮಾನಿಸಿ ಕೂಗಾಡಿ, ತಳ್ಳಾಡಿ ‘ಬಿಡಿಸುವ’ ಪದ್ಧತಿಯಿಂದ ಮನಸ್ಸು ಕುಗ್ಗಿದವರು ಇನ್ನೂ ಹೆದರಿ ಮುದುರಿಕೊಳ್ಳುತ್ತಾರೆ. ಅದಕ್ಕೆ ಕೈ ಹಾಕಬೇಡಿ.

ಸಂಕಟದ ಬೇರು ಮನೆಯೊಳಗಿನ ಹೊಡೆತವೋ, ದೌರ್ಜನ್ಯವೋ ಆಗಿದ್ದರೆ ‘ಕ್ಷಮಿಸಿ ಹೊಂದಿಕೊಂಡು ಹೋಗಿ’ ಎಂದು ಪ್ರಾರ್ಥಿಸಿ ಕಳಿಸಬಾರದು. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೋ ಕಾಯ್ದೆಯಂತೆ ದೂರು ಕೊಡುವುದು ಕಡ್ಡಾಯ, ತಪ್ಪು ಮಾಡಿದವರು ಸಭೆಯ ದೊಡ್ಡವರೇ ಆಗಿದ್ದರೂ ಸರಿಯೇ.

ಯಾವ ಬಗೆಯ ಸಂಕಟ ಎಂದು ಗುರುತಿಸಿಕೊಳ್ಳಿ

ಎಲ್ಲ ಸಂಕಟಕ್ಕೂ, ದೇವರು ನನ್ನ ಕುರುಬ ಎನ್ನುವ ಕೀರ್ತನೆ 23 ಓದುವ ರೂಢಿ ಇದೆ. ಅದು ಒಳ್ಳೆಯ ಕೀರ್ತನೆಯೇ, ಆದರೆ ಎಲ್ಲ ಗಾಯಕ್ಕೂ ಹೊಂದುವುದಿಲ್ಲ.

ಬರೀ ಒಣಗಿದ ಸ್ಥಿತಿ ಇರಬಹುದು: ಪಾಪದ ಅಳುಕಿಲ್ಲ, ಕೋಪವಿಲ್ಲ, ದೇವರ ಸಾನ್ನಿಧ್ಯದ ಅನುಭವ ಮಾತ್ರ ಇಲ್ಲ. ಇವರಿಗೆ ಕೀರ್ತನೆ 42 ಮತ್ತು 43. ಎರಡನ್ನೂ ಒಟ್ಟಿಗೆ ಓದಬೇಕು, ಕುಗ್ಗಿದ ಮನಸ್ಸನ್ನು ತಾನೇ ಮಾತಾಡಿಸುವ ಒಂದೇ ಪಲ್ಲವಿ ಅಲ್ಲಿ ಮೂರು ಸಲ ಬರುತ್ತದೆ. ಮದರ್ ತೆರೇಸಾ ದಶಕಗಳ ಕಾಲ ಈ ಕತ್ತಲೆಯಲ್ಲೇ ಪ್ರಾರ್ಥಿಸಿ ದುಡಿದರು ಎಂಬುದು ಅವರು ತೀರಿಕೊಂಡು ಹತ್ತು ವರ್ಷದ ಮೇಲೆ, 2007ರಲ್ಲಿ, ಅವರ ಪತ್ರಗಳು ಪ್ರಕಟವಾದಾಗ ಲೋಕಕ್ಕೆ ತಿಳಿಯಿತು. ‘ನನಗೊಬ್ಬಳಿಗೇ ಹೀಗೆ’ ಎನ್ನುವವರಿಗೆ ಇದನ್ನು ಹೇಳಿ.

ದೇವರ ಮೇಲೆ ಕೋಪ, ಮಗು ತೀರಿಕೊಂಡ ದುಃಖ, ನ್ಯಾಯ ಸಿಗದ ಉರಿ ಇದ್ದರೆ ಕೀರ್ತನೆ 13, 77, ಯೆರೆಮೀಯ 20ರ ಕೊನೆಯ ಭಾಗ. ಕೆಟ್ಟವರು ಚೆನ್ನಾಗಿರುವುದನ್ನು ಕಂಡು ನಂಬಿಕೆ ಅಲುಗಿದ್ದರೆ ಕೀರ್ತನೆ 73. ಸಭೆಯವರೇ, ಆಪ್ತರೇ ನೋಯಿಸಿದ್ದರೆ ಕೀರ್ತನೆ 55. 12ನೇ ವಚನದಿಂದ ಮುಂದೆ ಓದಿದರೆ ಯಾಕೆಂದು ಗೊತ್ತಾಗುತ್ತದೆ. ಸಂಶಯ ಕಾಡುತ್ತಿದ್ದರೆ ಮಾರ್ಕ 9ರಲ್ಲಿ ಕಾಯಿಲೆಯ ಮಗನನ್ನು ಯೇಸುವಿನ ಬಳಿ ತಂದ ತಂದೆಯ ಒಂದೇ ಸಾಲಿನ ಮೊರೆ ಸಾಕು: ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು. ಅಷ್ಟು ಅರೆಬರೆ ನಂಬಿಕೆಗೂ ಅವನ ಮಗ ಗುಣವಾದ.

ತಪ್ಪಿತಸ್ಥ ಭಾವನೆಯ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇಲ್ಲಿ ಎರಡು ಬೇರೆ ಬೇರೆ ಸ್ಥಿತಿಗಳು ಒಂದೇ ಥರ ಕಾಣಿಸುತ್ತವೆ. ನಿಜವಾಗಿ ಮಾಡಿದ ತಪ್ಪೊಂದು ಎದೆಯಲ್ಲಿ ಕೂತಿದ್ದರೆ ಅದಕ್ಕೆ ಹೆಸರಿರುತ್ತದೆ: ಇಂಥವರಿಗೆ ಮೋಸ ಮಾಡಿದೆ, ಇಂಥ ಸುಳ್ಳು ಹೇಳಿದೆ. ಅದಕ್ಕೆ ಕೀರ್ತನೆ 51, 1 ಯೋಹಾನ 1:9, ಕಥೋಲಿಕರಿಗೆ ಪಾಪನಿವೇದನೆ ಸಂಸ್ಕಾರ, ಸಾಧ್ಯವಿದ್ದರೆ ನಷ್ಟ ತುಂಬಿಕೊಡುವುದು. ಅಲ್ಲಿಗೆ ಹಗುರವಾಗುತ್ತದೆ. ಎರಡನೆಯ ಸ್ಥಿತಿಯಲ್ಲಿ ಎಷ್ಟು ಸಲ ಅರಿಕೆ ಮಾಡಿದರೂ ಹಗುರವಾಗುವುದಿಲ್ಲ. ಒಂದು ಗಂಟೆಯೊಳಗೆ ‘ಸರಿಯಾಗಿ ಹೇಳಿದೆನೋ ಇಲ್ಲವೋ’ ಎಂಬ ಅನುಮಾನ ಮತ್ತೆ ಹತ್ತುತ್ತದೆ, ಬೇಡದ ದೂಷಣೆಯ ಮಾತುಗಳು ಪ್ರಾರ್ಥನೆಯ ನಡುವೆಯೇ ತಲೆಗೆ ನುಗ್ಗುತ್ತವೆ, ಪವಿತ್ರಾತ್ಮನನ್ನು ದೂಷಿಸಿ ಕ್ಷಮೆಯೇ ಇಲ್ಲದ ಪಾಪ ಮಾಡಿಬಿಟ್ಟೆನೇನೋ ಎಂಬ ಭಯ ಹಿಡಿಯುತ್ತದೆ. ಇವರಿಗೆ ಮಾರ್ಕ 3:22ರಿಂದ 30ರವರೆಗೆ ಓದಿ ತೋರಿಸಿ: ಯೇಸು ಆ ಮಾತು ಹೇಳಿದ್ದು ತನ್ನ ಒಳ್ಳೆಯ ಕೆಲಸವನ್ನು ಕಣ್ಣಾರೆ ಕಂಡೂ ಅದನ್ನು ಸೈತಾನನದೆಂದು ಸಾಧಿಸಿದ ಶಾಸ್ತ್ರಿಗಳಿಗೆ. ಆ ಪಾಪದ ಭಯದಿಂದ ನಡುಗುತ್ತಿರುವವರ ಮನಸ್ಸು ಕಲ್ಲಾಗಿಲ್ಲ ಎಂಬುದಕ್ಕೆ ಆ ನಡುಕವೇ ಗುರುತು. ಆಮೇಲೆ ಒಂದು ಕಟ್ಟುಪಾಡು ಹಾಕಿಕೊಡಿ. ಒಂದು ತಪ್ಪನ್ನು ಒಂದೇ ಸಲ, ಒಬ್ಬರೇ ಗುರುಗಳ ಅಥವಾ ಪಾಸ್ಟರ್ ಅವರ ಮುಂದೆ ಅರಿಕೆ ಮಾಡುವುದು. ಮಾಡಿದ ದಿನಾಂಕವನ್ನು ಬರೆದಿಡುವುದು. ಮತ್ತೆ ಅನುಮಾನ ಬಂದರೆ ಹೊಸದಾಗಿ ಅರಿಕೆ ಮಾಡದೆ ಆ ದಿನಾಂಕ ನೋಡಿ, ದೇವರು ನಮ್ಮ ಮನಸ್ಸಿಗಿಂತ ದೊಡ್ಡವನು ಎನ್ನುವ 1 ಯೋಹಾನ 3:20 ಓದಿ, ಎದ್ದು ಕೈಕೆಲಸಕ್ಕೆ ಹೋಗುವುದು. ಪ್ರತಿ ಸಲ ಫೋನ್ ಮಾಡಿ ‘ನನಗೆ ಕ್ಷಮೆ ಸಿಕ್ಕಿದೆಯಾ?’ ಎಂದು ಕೇಳಿದಾಗ ಪ್ರತಿ ಸಲವೂ ಸಮಾಧಾನ ಹೇಳುತ್ತಾ ಹೋದರೆ ಅನುಮಾನಕ್ಕೆ ಬಲ ಬರುತ್ತದೆ. ‘ಇದಕ್ಕೆ ಉತ್ತರ ಆಗಲೇ ಕೊಟ್ಟಿದ್ದೇವೆ’ ಎಂದು ಪ್ರೀತಿಯಿಂದ ನಿಲ್ಲಿಸಬೇಕು. ಇದು ಗೀಳು ಕಾಯಿಲೆಯ ಲಕ್ಷಣವೂ ಆಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ, ಮನೋವೈದ್ಯರ ಬಳಿ ಕರೆದೊಯ್ಯಿರಿ.

ಜೊತೆಯಲ್ಲಿ ಪ್ರಾರ್ಥಿಸುವುದು

ಮೊದಲು ಅನುಮತಿ ಕೇಳಿ: ‘ಈಗ ಪ್ರಾರ್ಥಿಸೋಣವೇ, ಅಥವಾ ಇವತ್ತು ಬೇಡವೇ?’ ಬೇಡ ಎಂದರೆ ಬೇಡ. ತಲೆಯ ಮೇಲೆ ಕೈ ಇಡುವುದಕ್ಕೂ ಕೇಳಿ. ಯಾವ ಭಾಷೆಯಲ್ಲಿ ಎಂದೂ ಕೇಳಿ. ಮಂಗಳೂರಿನ ಎಷ್ಟೋ ಮನೆಗಳಲ್ಲಿ ಎದೆಯ ಮಾತು ಕೊಂಕಣಿ ಅಥವಾ ತುಳು, ಕೋಲಾರದ ಕಡೆ ತೆಲುಗು ಅಥವಾ ತಮಿಳು. ಸಭೆಯ ಕನ್ನಡದಲ್ಲಿ ಬಾರದ ಅಳು ಮನೆಮಾತಿನಲ್ಲಿ ಬರುತ್ತದೆ. ಸತ್ಯವೇದವೂ ಅಷ್ಟೇ, ಅವರಿಗೆ ಬಾಯಿಪಾಠವಿರುವ ಭಾಷಾಂತರವನ್ನೇ ಓದಿ.

ಎರಡರಿಂದ ಮೂರು ನಿಮಿಷ ಸಾಕು. ದನಿ ಮಾತಿನ ದನಿಯಷ್ಟೇ ಇರಲಿ. ಅವರು ಹೇಳಿದ ಮಾತುಗಳನ್ನೇ ಎತ್ತಿಕೊಂಡು ದೇವರಿಗೆ ಹೇಳಿ, ನಿಮ್ಮ ಶಬ್ದಭಂಡಾರವನ್ನು ಪಕ್ಕಕ್ಕಿಡಿ. ಅವರಿಗೆ ಹೇಳಬೇಕಾದ ಬುದ್ಧಿಮಾತನ್ನು ಪ್ರಾರ್ಥನೆಯೊಳಗೆ ಸೇರಿಸಿ ‘ಕರ್ತನೇ, ಈ ಸಹೋದರನು ಇನ್ನಾದರೂ ಸೋಮಾರಿತನ ಬಿಟ್ಟು...’ ಎಂದು ಶುರುಮಾಡುವ ಅಭ್ಯಾಸ ಕೆಲವರಿಗಿದೆ. ಕಣ್ಣು ಮುಚ್ಚಿ ಕೂತವರಿಗೆ ಎದುರುತ್ತರ ಕೊಡುವ ದಾರಿಯಿರುವುದಿಲ್ಲ, ಅದಕ್ಕೇ ಆ ಮಾತು ಹೆಚ್ಚು ನೋಯಿಸುತ್ತದೆ. ನಡೆದೇ ತೀರುತ್ತದೆ ಎಂದು ಗೊತ್ತಿಲ್ಲದ್ದನ್ನು ದೇವರ ಹೆಸರಿನಲ್ಲಿ ಘೋಷಿಸಲೂ ಬೇಡಿ. ‘ಮುಂದಿನ ತಿಂಗಳೊಳಗೆ ಕೆಲಸ ಸಿಗುತ್ತದೆ’ ಎಂಬ ಪ್ರವಾದನೆ ಸುಳ್ಳಾದರೆ ಪೆಟ್ಟು ಬೀಳುವುದು ಅವರ ನಂಬಿಕೆಗೆ, ಹೇಳಿದವರಿಗೆ ಏನೂ ಆಗುವುದಿಲ್ಲ.

ಅವರಿಗೆ ಪ್ರಾರ್ಥಿಸಲು ಆಗದಿದ್ದರೆ ಒತ್ತಾಯ ಮಾಡಬೇಡಿ. ‘ಇವತ್ತು ನಿಮ್ಮ ಪರವಾಗಿ ನಾನು ಹೇಳುತ್ತೇನೆ, ಕೊನೆಗೆ ಆಮೆನ್ ಅನ್ನಿಸಿದರೆ ಅನ್ನಿ’ ಎಂದರೆ ಅವರಿಗೆ ಉಸಿರು ಬಂದಂತಾಗುತ್ತದೆ. ಮಾರ್ಕ 2ರಲ್ಲಿ ಪಾರ್ಶ್ವವಾಯು ಬಡಿದವನನ್ನು ನಾಲ್ವರು ಹೊತ್ತು ಮಾಳಿಗೆ ಬಿಚ್ಚಿ ಇಳಿಸಿದರು. ಯೇಸು ‘ಅವರ’ ನಂಬಿಕೆಯನ್ನು ನೋಡಿದನು ಎಂದಿದೆ. ರೋಮಾಪುರದವರಿಗೆ ಬರೆದ ಪತ್ರದ 8:26 ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಹೇಗೆ ಪ್ರಾರ್ಥಿಸಬೇಕೋ ತಿಳಿಯದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ಬೇಡಿಕೊಳ್ಳುತ್ತಾನೆ. ಬರೀ ನಿಟ್ಟುಸಿರು ಬಿಡುತ್ತಾ ಕೂತವರನ್ನು ‘ನೀವು ಪ್ರಾರ್ಥಿಸುತ್ತಿಲ್ಲ’ ಎಂದು ದೂರುವ ಹಕ್ಕು ಇದಾದ ಮೇಲೆ ನಮಗಿಲ್ಲ.

ಕೀರ್ತನೆ 13ರ ಅಚ್ಚಿನಲ್ಲಿ ಮೊರೆಯಿಡುವುದು

150 ಕೀರ್ತನೆಗಳಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಗೋಳಿನ ಕೀರ್ತನೆಗಳು. ಆರಾಧನೆಯಲ್ಲಿ ನಾವು ಅವನ್ನು ಹಾಡುವುದು ಕಡಿಮೆಯಾದ್ದರಿಂದ ದೇವರ ಮುಂದೆ ದೂರು ಹೇಳುವುದು ಅವಿಶ್ವಾಸ ಎಂಬ ತಪ್ಪು ತಿಳಿವಳಿಕೆ ಬೆಳೆದಿದೆ. ಅವಿಶ್ವಾಸಿಯು ದೇವರ ಮೇಲೆ ದೂರನ್ನು ಬೇರೆಯವರ ಹತ್ತಿರ ಹೇಳುತ್ತಾನೆ. ಕೀರ್ತನೆಗಾರ ನೇರವಾಗಿ ದೇವರಿಗೇ ಹೇಳುತ್ತಾನೆ. ಶಿಲುಬೆಯ ಮೇಲೆ ಯೇಸು ಕೂಗಿದ್ದೂ ‘ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ’ ಎಂಬ ಕೀರ್ತನೆ 22ರ ಮೊದಲ ಸಾಲನ್ನೇ.

ಕಲಿಯಲು ಕೀರ್ತನೆ 13 ಅತ್ಯಂತ ಸುಲಭ, ಆರೇ ವಚನ. ಮೊದಲೆರಡು ವಚನ ದೂರು: ಇನ್ನೆಷ್ಟು ಕಾಲ ಎಂಬ ಪ್ರಶ್ನೆ ನಾಲ್ಕು ಸಲ. ಮೂರು ಮತ್ತು ನಾಲ್ಕು ಬೇಡಿಕೆ: ನೋಡು, ಉತ್ತರಕೊಡು, ಕಣ್ಣಿಗೆ ಬೆಳಕು ಕೊಡು. ಐದು ಮತ್ತು ಆರು ಭರವಸೆ. ಒಂದು ಕಾಗದ, ಪೆನ್ನು ಕೊಟ್ಟು ಹೀಗೆ ಬರೆಸಿ.

ಮೊದಲು ‘ದೇವರೇ, ಇನ್ನೆಷ್ಟು ದಿನ’ ಎಂದು ಶುರುವಾಗುವ ನಾಲ್ಕು ಸಾಲು. ಸಾಲಿನಲ್ಲಿ ನಿಜವಾದ ಸಂಗತಿ ಇರಬೇಕು. ‘ಕಷ್ಟ’, ‘ಶೋಧನೆ’ ಎಂಬ ದೊಡ್ಡ ಪದ ಬಂದರೆ ಅದನ್ನು ಹೊಡೆದುಹಾಕಿ ಏನಾಯಿತೋ ಅದನ್ನೇ ಬರೆಯಲು ಹೇಳಿ. ಆಮೇಲೆ ಬೇಡಿಕೆ, ಒಂದು ಅಥವಾ ಎರಡು, ಅದೂ ಇವತ್ತಿಗೆ ಬೇಕಾದದ್ದು. ಕಡೆಗೆ ಭರವಸೆಯ ಒಂದು ಸಾಲು. ಈ ಕಡೆಯ ಸಾಲು ಬಾರದಿದ್ದರೆ ಜಾಗ ಖಾಲಿ ಬಿಡಬಹುದು. ಮೂರು ಸಲ ಗರ್ಭಪಾತವಾದ ಒಬ್ಬ ತಾಯಿಯ ಪ್ರಾರ್ಥನೆ, ಉದಾಹರಣೆಗೆ, ಹೀಗಿರಬಹುದು:

‘ಕರ್ತನೇ, ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀ? ಮೂರು ಸಲ ಹೊಟ್ಟೆಯಲ್ಲಿ ಜೀವ ಇಟ್ಟೆ, ಮೂರು ಸಲವೂ ಉಳಿಸಲಿಲ್ಲ. ಇನ್ನೆಷ್ಟು ದಿನ ಬೇರೆಯವರ ಮಗುವಿನ ಸಮರ್ಪಣೆಗೆ ಹೋಗಿ ನಗುತ್ತಾ ಕೂರಲಿ? ಇನ್ನೆಷ್ಟು ದಿನ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಗೋಡೆ ನೋಡಲಿ? ನಿನ್ನ ಹತ್ತಿರ ಮಾತಾಡೋಕೂ ನನಗೆ ಇಷ್ಟವಿಲ್ಲ, ಅದನ್ನೂ ನಿನಗೇ ಹೇಳಬೇಕಾಗಿದೆ. ಇವತ್ತು ರಾತ್ರಿ ನಿದ್ದೆ ಕೊಡು. ನಾಳೆ ಅತ್ತೆಯ ಮಾತು ಕೇಳಿದಾಗ ನಾನು ಒಡೆದುಹೋಗದಂತೆ ಹಿಡಿದುಕೋ. ನನ್ನ ಅಮ್ಮ ನಿನ್ನನ್ನು ನಂಬಿದ್ದಳು, ನೀನು ಅವಳ ಕೈ ಬಿಡಲಿಲ್ಲ. ಅಷ್ಟು ಮಾತ್ರ ನನಗೆ ಗೊತ್ತು. ಆಮೆನ್.’

ಇಲ್ಲಿ ಕೊನೆಯ ಸಾಲು ಸ್ವಂತ ಅನುಭವದ ಭರವಸೆಯಲ್ಲ, ತಾಯಿಯಿಂದ ಎರವಲು ತಂದದ್ದು. ಅದೂ ನಡೆಯುತ್ತದೆ, ಕೀರ್ತನೆ 22ರ ನಾಲ್ಕು ಮತ್ತು ಐದನೇ ವಚನದಲ್ಲಿ ಪೂರ್ವಿಕರ ನಂಬಿಕೆಯನ್ನು ನೆನೆಯುವುದೂ ಇದೇ ರೀತಿ.

ಇಲ್ಲಿ ಎಡವುವುದು ಸಾಮಾನ್ಯವಾಗಿ ಎರಡು ಕಡೆ. ದೂರಿನ ಭಾಗವನ್ನು ಒಂದೇ ಸಾಲಿನಲ್ಲಿ ಮುಗಿಸಿ ಬೇಗ ಸ್ತೋತ್ರಕ್ಕೆ ಹಾರಿದರೆ ಒಳಗಿದ್ದದ್ದು ಒಳಗೇ ಉಳಿಯುತ್ತದೆ. ಇನ್ನು ಕೆಲವರು ದಿನಕ್ಕೆ ಹತ್ತು ಸಲ ಬರೆದು ಗಾಯವನ್ನೇ ಕೆದಕುತ್ತಾರೆ. ದಿನಕ್ಕೆ ಒಂದು ಸಲ, ಹದಿನೈದು ನಿಮಿಷದೊಳಗೆ, ಗಟ್ಟಿಯಾಗಿ ಓದಿ ಆಮೆನ್ ಹೇಳಿ ಕಾಗದವನ್ನು ಸತ್ಯವೇದದೊಳಗೆ ಇಟ್ಟು ಏಳುವುದು ಸಾಕು. ಮನೆಯಲ್ಲಿ ಬೇರೆಯವರ ಕೈಗೆ ಸಿಗುವ ಭಯವಿದ್ದರೆ ಹರಿದುಹಾಕಲಿ.

ಕಡೆಗೂ ಭರವಸೆಯ ಸಾಲು ಬಾರದೇ ಹೋದರೆ? ಅದಕ್ಕೇ ಕೀರ್ತನೆ 88 ಇದೆ. ಹದಿನೆಂಟು ವಚನ, ಕೊನೆಯ ಮಾತು ಕತ್ತಲೆ, ಎಲ್ಲೂ ಸ್ತುತಿಗೆ ತಿರುಗುವುದಿಲ್ಲ. ಆದರೂ ಪ್ರತಿದಿನ ಕೂಗುತ್ತೇನೆ, ಬೆಳಿಗ್ಗೆ ನನ್ನ ಮೊರೆ ನಿನ್ನ ಮುಂದೆ ಬರುತ್ತದೆ ಎನ್ನುತ್ತದೆ, ಮೊದಲ ವಚನದಲ್ಲಿ ದೇವರನ್ನು ‘ನನ್ನನ್ನು ರಕ್ಷಿಸುವ ದೇವರೇ’ ಎಂದು ಕರೆಯುತ್ತದೆ. ಇದನ್ನೂ ಸಭೆಯ ಪ್ರಾರ್ಥನಾಪುಸ್ತಕದೊಳಗೆ ಉಳಿಸಿಕೊಂಡವರು ಕತ್ತಲೆಯನ್ನು ಬಲ್ಲವರೇ ಆಗಿದ್ದರು.

ದಿನದ ಕ್ರಮ

ಹಿಂದೆ ಒಂದು ಗಂಟೆ ಪ್ರಾರ್ಥಿಸುತ್ತಿದ್ದವರಿಗೂ ಈಗ ಬೆಳಿಗ್ಗೆ ಐದು ನಿಮಿಷ, ರಾತ್ರಿ ಐದು ನಿಮಿಷ ಎಂದು ಗೊತ್ತುಮಾಡಿಕೊಡಿ. ಗಡಿಯಾರ ಇಟ್ಟುಕೊಳ್ಳಲಿ. ಮನಸ್ಸು ಬಂದರೂ ಬಾರದಿದ್ದರೂ ಅಷ್ಟು ಹೊತ್ತು ಕೂತು ಎದ್ದರೆ ಆ ದಿನದ ಪ್ರಾರ್ಥನೆ ಆಯಿತು. ಅನುಭವ ಬರುವವರೆಗೂ ಕೂರುತ್ತೇನೆಂಬ ಹಟ ಬೇಡ. ಆ ಹಟವೇ ಸೋಲಿನ ಪಟ್ಟಿಯನ್ನು ಉದ್ದ ಮಾಡುತ್ತದೆ.

ಬೆಳಿಗ್ಗೆ: ಮುಖ ತೊಳೆದು, ಒಂದು ಲೋಟ ನೀರು ಕುಡಿದು, ಕಿಟಕಿ ತೆರೆದು ಕೂತು, ಒಂದೇ ಕೀರ್ತನೆ ಗಟ್ಟಿಯಾಗಿ ಓದುವುದು, ಆಮೇಲೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆ. ವಾರವಿಡೀ ಅದೇ ಕೀರ್ತನೆ ಇರಲಿ. ದಿನಕ್ಕೊಂದು ಹೊಸ ಭಾಗ ಹುಡುಕುವ ಶಕ್ತಿ ಈಗ ಇರುವುದಿಲ್ಲ. ಗಟ್ಟಿಯಾಗಿ ಓದಲು ಹೇಳುವುದಕ್ಕೆ ಕಾರಣವಿದೆ: ಕಣ್ಣಲ್ಲಿ ಓದಿದರೆ ನಾಲ್ಕನೇ ಸಾಲಿಗೆ ಮನಸ್ಸು ಎಲ್ಲೋ ಹೋಗಿರುತ್ತದೆ. ಓದಲೂ ಆಗದವರು ಸತ್ಯವೇದದ ಆಡಿಯೊ ಹಾಕಿಕೊಂಡು ಕೇಳಲಿ.

ಹಗಲಲ್ಲಿ: ಒಂದು ಉಸಿರಿನ ಪ್ರಾರ್ಥನೆ. ಲೂಕ 18ರ ಸುಂಕದವನ ಮೊರೆಯ ಮೇಲೆ ಕಟ್ಟಿದ್ದು ಇದು, ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಸನ್ಯಾಸಿಗಳು ಶತಮಾನಗಳಿಂದ ಹೇಳುತ್ತಾ ಬಂದಿದ್ದಾರೆ. ಉಸಿರು ಎಳೆಯುವಾಗ ‘ಕರ್ತನಾದ ಯೇಸುವೇ’, ಬಿಡುವಾಗ ‘ನನ್ನನ್ನು ಕರುಣಿಸು’. ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ, ಆಫೀಸಿನ ಮೆಟ್ಟಿಲ ಮೇಲೆ ಹತ್ತು ಸಲ. ಕಥೋಲಿಕರಿಗೆ ಜಪಸರದ ಒಂದೇ ಒಂದು ದಶಕ (ಹತ್ತು ಮಣಿಗಳ ಭಾಗ) ಸಾಕು, ಐದನ್ನೂ ಮುಗಿಸಲೇಬೇಕೆಂದಿಲ್ಲ. ಗೆತ್ಸೇಮನೆ ತೋಟದಲ್ಲಿ ಯೇಸು ಮೂರನೆಯ ಸಲವೂ ಅದೇ ಮಾತುಗಳನ್ನೇ ಹೇಳಿ ಪ್ರಾರ್ಥಿಸಿದನು ಎಂದು ಮತ್ತಾಯ 26:44 ಹೇಳುತ್ತದೆ. ಹೇಳಿದ್ದನ್ನೇ ಹೇಳುವುದು ಸಂಕಟದ ಕಾಲದಲ್ಲಿ ದೋಷವಲ್ಲ.

ರಾತ್ರಿ: ಫೋನ್ ಬೇರೆ ಕೋಣೆಯಲ್ಲಿಟ್ಟು ಕೀರ್ತನೆ 4 ಅಥವಾ 130, ಆಮೇಲೆ ‘ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ’ ಎಂಬ ಕೀರ್ತನೆ 31ರ ಮಾತು. ನಿದ್ದೆ ಬಾರದೆ ಎಚ್ಚರವಾದರೆ ‘ದೇವರು ಪ್ರಾರ್ಥನೆಗೆ ಎಬ್ಬಿಸಿದ’ ಎಂದು ಬೆಳಗಿನವರೆಗೆ ಕೂರುವುದು ಬೇಡ. ಕೆಲವು ದಿನ ಮಲಗುವುದೇ ವಿಧೇಯತೆ.

ವಾರಕ್ಕೊಮ್ಮೆ ಆರಾಧನೆ. ಹಾಡಲು ಆಗದಿದ್ದರೆ ಹಾಡುವವರ ನಡುವೆ ಕೂತಿರಲಿ. ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ, ಬೇಕಾದರೆ ಎದ್ದುಹೋಗುವಂಥ ಜಾಗ ಹಿಡಿದುಕೊಡಿ, ಪಕ್ಕದಲ್ಲಿ ನೀವು ಕೂರಿ. ಕರ್ತನ ಭೋಜನಕ್ಕೆ ಅಥವಾ ಪರಮಪ್ರಸಾದಕ್ಕೆ ‘ಯೋಗ್ಯಳಲ್ಲ’ ಎಂದು ಹಿಂಜರಿಯುವವರ ವಿಚಾರವನ್ನು ಪಾಸ್ಟರ್ ಅಥವಾ ಗುರುಗಳ ಜೊತೆ ಮುಂಚಿತವಾಗಿ ಮಾತಾಡಿಸಿ. ಯಾಕೋಬ 5:14ರಂತೆ ಸಭಾಹಿರಿಯರಿಂದ ಎಣ್ಣೆ ಹಚ್ಚಿಸಿ ಪ್ರಾರ್ಥಿಸಿಕೊಳ್ಳಲು ಬಯಸಿದರೆ ಮನೆಯಲ್ಲೇ, ಇಬ್ಬರು ಮೂವರು ಹಿರಿಯರೊಂದಿಗೆ ಮಾಡಿಸಿ. ವೇದಿಕೆಗೆ ಕರೆದು ಮೈಕಿನಲ್ಲಿ ಕಾಯಿಲೆಯ ಹೆಸರು ಹೇಳಿಸುವುದು ಬೇಡ.

ಪ್ರೋತ್ಸಾಹದ ಮಾತು: ಯಾವುದು ನಿಲ್ಲುತ್ತದೆ, ಯಾವುದು ಚುಚ್ಚುತ್ತದೆ

‘ದೇವರು ತಾಳಲಾರದ ಭಾರ ಕೊಡುವುದಿಲ್ಲ’ ಎಂದು 1 ಕೊರಿಂಥ 10:13ನ್ನು ಎಲ್ಲರೂ ಹೇಳುತ್ತಾರೆ. ಆ ವಚನ ಮಾತಾಡುವುದು ಪಾಪಕ್ಕೆ ಎಳೆಯುವ ಶೋಧನೆಯ ಬಗ್ಗೆ. ಭಾರದ ವಿಷಯದಲ್ಲಿ, ಅದನ್ನು ಬರೆದ ಪೌಲನೇ 2 ಕೊರಿಂಥ 1:8ರಲ್ಲಿ ತನ್ನ ಶಕ್ತಿಗೆ ಮೀರಿ ಕುಗ್ಗಿಹೋದೆವು, ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎಂದು ಬರೆದಿದ್ದಾನೆ. ಎಲ್ಲವೂ ಒಳಿತಿಗೇ ಆಗುತ್ತದೆ ಎನ್ನುವ ರೋಮಾ 8:28 ಸತ್ಯವಾದ ಮಾತು; ಶವ ಮನೆಯಲ್ಲಿರುವಾಗ ಹೇಳುವ ಮಾತಲ್ಲ. ‘ನಂಬಿಕೆ ಕಡಿಮೆ, ಅದಕ್ಕೇ ಉತ್ತರ ಬಂದಿಲ್ಲ’ ಎನ್ನುವವರಿಗೆ 2 ಕೊರಿಂಥ 12ರಲ್ಲಿ ಪೌಲನು ಹೇಳುವ, ಅವನ ಮೈಯಲ್ಲಿ ನಾಟಿದ್ದ ಮುಳ್ಳನ್ನು ನೆನಪಿಸಬೇಕು: ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ, ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಬಂತು.

ನಿಲ್ಲುವ ಮಾತುಗಳು ಚಿಕ್ಕವು. ‘ನಾನು ಗುರುವಾರ ಸಂಜೆ ಬರುತ್ತೇನೆ.’ ‘ನಿನಗೆ ಪ್ರಾರ್ಥಿಸೋಕಾಗದ ದಿನ ನಾನು ನಿನ್ನ ಹೆಸರು ಹೇಳುತ್ತೇನೆ, ಬೆಳಿಗ್ಗೆ ಆರಕ್ಕೆ.’ ಹೇಳಿದರೆ ಮಾಡಬೇಕು. ‘ಪ್ರಾರ್ಥಿಸುತ್ತೇವೆ’ ಎಂದು ಹೇಳಿ ಮರೆಯುವುದಕ್ಕಿಂತ ಹೇಳದಿರುವುದು ಮೇಲು. ದುಬೈ, ಕುವೈತ್‌ನಲ್ಲಿರುವವರಿಗಾದರೆ ಧ್ವನಿ ಸಂದೇಶ ಕಳಿಸಿ; ದುಬೈ ನಮಗಿಂತ ಒಂದೂವರೆ ಗಂಟೆ, ಕುವೈತ್ ಎರಡೂವರೆ ಗಂಟೆ ಹಿಂದೆ, ಡ್ಯೂಟಿ ಮುಗಿಸಿ ಒಂಟಿ ಕೋಣೆಗೆ ಬರುವ ಹೊತ್ತು ಕೇಳಿಕೊಂಡು ಆ ಹೊತ್ತಿಗೆ ಎರಡು ನಿಮಿಷದ ಪ್ರಾರ್ಥನೆ ಇರಲಿ. ದಿನವೂ ವಚನದ ಚಿತ್ರ ಫಾರ್ವರ್ಡ್ ಮಾಡುವುದರಿಂದ ಈ ಕೆಲಸ ಆಗುವುದಿಲ್ಲ.

ವಾರಗಳು ಕಳೆದಂತೆ

ಕಥೋಲಿಕರ ಯೇಸುಸಭೆಯನ್ನು (ಜೆಸ್ವಿಟ್) ಕಟ್ಟಿದ ಲೊಯೋಲದ ಇಗ್ನೇಷಿಯಸ್ ಬರೆದು 1548ರಲ್ಲಿ ಅಚ್ಚಾದ ಆತ್ಮಿಕ ಸಾಧನೆಯ ನಿಯಮಗಳಲ್ಲಿ ಒಂದು ಎಲ್ಲ ಪಂಗಡದವರಿಗೂ ಉಪಯೋಗಕ್ಕೆ ಬರುತ್ತದೆ: ಮನಸ್ಸು ಕತ್ತಲೆಯಲ್ಲಿರುವಾಗ, ಬೆಳಕಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬೇಡ. ಸೇವೆ ಬಿಡುವುದು, ಮಠ ಬಿಡುವುದು, ಮದುವೆ ಮುರಿಯುವುದು, ಸಭೆ ಬದಲಿಸುವುದು, ಆಸ್ತಿ ಮಾರಿ ಕೊಡುವುದು, ಇವನ್ನು ಆರಾಮವಾಗುವವರೆಗೆ ಮುಂದೂಡಲು ಹೇಳಿ. ಹೊಡೆತ, ದೌರ್ಜನ್ಯ ಇರುವ ಕಡೆ ಮಾತ್ರ ಈ ನಿಯಮ ಹಿಡಿಯಬೇಡಿ, ಅಲ್ಲಿಂದ ಮೊದಲು ಹೊರಗೆ ಬರಬೇಕು. ಜವಾಬ್ದಾರಿಗಳನ್ನು ಪೂರ್ತಿ ಕಿತ್ತುಕೊಳ್ಳುವುದೂ ಸರಿಯಲ್ಲ. ಸಂಡೇ ಸ್ಕೂಲ್ ನಡೆಸುತ್ತಿದ್ದವರಿಗೆ ಮೂರು ತಿಂಗಳು ಪಾಠದಿಂದ ಬಿಡುವು ಕೊಟ್ಟು ಹಾಜರಿ ಪುಸ್ತಕ ಮಾತ್ರ ಒಪ್ಪಿಸಬಹುದು.

ಮೊದಲ ತಿಂಗಳು ವಾರಕ್ಕೊಮ್ಮೆ ಭೇಟಿ, ಆಮೇಲೆ ಹದಿನೈದು ದಿನಕ್ಕೊಮ್ಮೆ. ಒಂದೆರಡು ತಿಂಗಳಾದರೂ ಕಿಂಚಿತ್ತೂ ಬದಲಾಗದಿದ್ದರೆ, ಅಥವಾ ನಡುವೆ ಹದಗೆಟ್ಟರೆ, ಆಪ್ತಸಮಾಲೋಚಕರ ಅಥವಾ ವೈದ್ಯರ ಸಹಾಯ ಪಡೆಯದೆ ಮುಂದುವರಿಸಬೇಡಿ. ಒಬ್ಬರೇ ಹೊರಬೇಡಿ, ಇನ್ನೊಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ರಾತ್ರಿ ಹನ್ನೊಂದರ ಮೇಲೆ ಫೋನ್ ಎತ್ತಲು ಆಗದಿದ್ದರೆ ಅದನ್ನು ಮುಂಚೆಯೇ ಹೇಳಿ, 14416 ಬರೆದುಕೊಡಿ. ಕ್ರಿಸ್ಮಸ್, ಈಸ್ಟರ್, ತೀರಿಕೊಂಡವರ ವರ್ಷದ ದಿನ ಹತ್ತಿರವಾದಾಗ ನೋವು ಮರುಕಳಿಸುತ್ತದೆ. ಆ ದಿನಾಂಕಗಳನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಒಂದು ವಾರ ಮುಂಚೆ ವಿಚಾರಿಸಿ.

ಚೇತರಿಕೆ ಸದ್ದಿಲ್ಲದೆ ಬರುತ್ತದೆ: ಒಂದು ಹಾಡಿಗೆ ದನಿ ಸೇರಿಸುತ್ತಾರೆ, ಬೇರೆಯವರ ಕಷ್ಟ ವಿಚಾರಿಸುತ್ತಾರೆ, ಪ್ರಾರ್ಥನೆಗೆ ಐದು ನಿಮಿಷ ಸಾಲಲಿಲ್ಲ ಎನ್ನುತ್ತಾರೆ. ಆಗ ಸಮಯವನ್ನು ಹತ್ತು ನಿಮಿಷಕ್ಕೆ ಏರಿಸಿ, ಒಮ್ಮೆಲೇ ಹಳೆಯ ಒಂದು ಗಂಟೆಗೆ ಬೇಡ. ಕೂಡಲೇ ಸಭೆಯ ಮುಂದೆ ನಿಲ್ಲಿಸಿ ಸಾಕ್ಷಿ ಹೇಳಿಸಬೇಡಿ. ಹೇಳಿಬಿಟ್ಟವರು ಮತ್ತೆ ಕುಗ್ಗಿದಾಗ ಅದನ್ನು ಯಾರಿಗೂ ಹೇಳಿಕೊಳ್ಳಲಾಗದೆ ಮುಚ್ಚಿಡುತ್ತಾರೆ. ಕನಿಷ್ಠ ಆರು ತಿಂಗಳು ಕಾಯಿರಿ, ಹೇಳುವ ಬಯಕೆ ಅವರಿಂದಲೇ ಬಂದರೆ ಏನನ್ನು ಹೇಳುವುದು, ಏನನ್ನು ಬಿಡುವುದು ಎಂದು ಜೊತೆಯಲ್ಲಿ ಕೂತು ಬರೆದುಕೊಳ್ಳಿ.